ನಲವತ್ತು ಹಣೆಗಳ ಅರಿಶಿನ

ಮಲಕವ್ವನಿಗೆ ಒಂದು ಜಂಬವಿತ್ತು. ಒಡವೆಯ ಜಂಬ ಅಲ್ಲ, ಕಿವಿಯ ಬೆಂಡೋಲೆ ಬಿಟ್ಟರೆ ಅವಳ ಮೈಮೇಲೆ ಬಂಗಾರವೇ ಇರಲಿಲ್ಲ. ಸೀರೆಯ ಜಂಬವೂ ಅಲ್ಲ, ಬೆಳಗಿನಿಂದ ಸಂಜೆಯ ತನಕ ಸೀರೆಯ ಮೇಲೆ ಕಂಪನಿ ಕೊಟ್ಟ ನೀಲಿ ಕೋಟು. "ನನ್ನ ಇಲಿ ಒಂದೊಂದೂ ನನಗ ಗುರ್ತ ಅದಾವು" ಅನ್ನುವ ಜಂಬ. ಬಿಳಿ ಇಲಿಗಳು ಸ್ವಾಮೀ! ಒಂದೇ ತಳಿ, ಒಂದೇ ವಯಸ್ಸು, ಎಲ್ಲಕ್ಕೂ ಅದೇ ಕೆಂಪು ಕಣ್ಣು. ಅಕ್ಕಿ ಮೂಟೆ ಬಿಚ್ಚಿ ಕಾಳಿಗೊಂದು ಹೆಸರಿಟ್ಟ ಹಾಗೆ. ಆದರೂ ಮಲಕವ್ವ ಇಟ್ಟಿದ್ದಳು. ಪಕ್ಕದವಳ ಬಾಯಿಂದ ತುತ್ತು ಕಿತ್ತು ತಿನ್ನುವವಳು ರುಕ್ಮವ್ವ, ಅದು ಊರಲ್ಲಿರುವ ನಾದಿನಿಯ ಹೆಸರು. ಕೂತ ಮೂಲೆ ಬಿಟ್ಟು ಕದಲದವಳು ಗೌಡಶಾನಿ. ಹೊತ್ತೂ ಗೊತ್ತೂ ಇಲ್ಲದೆ ಮುಖ ತೊಳೆಯುತ್ತಾ ಕೂರುವವಳು ಮರೆವ್ವ. ಎಂಟನೇ ಪಂಜರದಲ್ಲಿ ಮಾತ್ರ ನೀಲಾಂಬಿಕಾ ಅನ್ನುವ ಹೆಸರಿನವರು ಇಬ್ಬರಿದ್ದರು.

"ಅದ್ಯಾಕಕ್ಕಾ ಎರಡಕ್ಕೂ ಒಂದೇ ಹೆಸರು?" ಅಂತ ಮೇಲ್ವಿಚಾರಕ ಕೊಟ್ರೇಶ ಒಮ್ಮೆ ಕೇಳಿದ್ದ.

"ನಮ್ಮೂರಾಗ ಮೂರು ಮಂದಿ ನೀಲಾಂಬಿಕಾ ಅದಾರ. ಏನೀಗ?" ಅಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಮಲಕವ್ವನ ಜೊತೆ ವಾದಕ್ಕೆ ನಿಂತು ಗೆದ್ದವರು ಪೀಣ್ಯದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಪೀಣ್ಯ ಎರಡನೇ ಹಂತದಲ್ಲಿ ಲೇತ್ ಶೆಡ್ಡುಗಳ ಸಾಲು ಮುಗಿಯುವ ಕಡೆ ಒಂದು ಔಷಧದ ಕಂಪನಿ. ಅದರ ಹಿಂದುಗಡೆ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಬೋರ್ಡಿನ ಮೇಲೆ ದೊಡ್ಡದಾಗಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಎಲ್ಲರ ಬಾಯಲ್ಲಿ ಅದು ಇಲಿಮನೆ. ಮಲಕವ್ವ ಅಲ್ಲಿಗೆ ಬಂದದ್ದೇ ಒಂದು ಕತೆ.

ಅವಳು ಕುಷ್ಟಗಿ ಕಡೆಯವಳು. ಗಂಡ ಯಮನೂರ ಪೀಣ್ಯದ ಫೌಂಡ್ರಿಯೊಂದಕ್ಕೆ ಕೆಲಸಕ್ಕೆ ಬಂದ, ಹಿಂದೆಯೇ ಇವಳೂ ಬಂದಳು. ರಾಜಗೋಪಾಲನಗರದಲ್ಲಿ ಒಂದು ಕೋಣೆ ಹಿಡಿದರು. ಮೊದಲ ಎರಡು ವರ್ಷ ಅವಳು ಇದೇ ಕಂಪನಿಯ ಪ್ಯಾಕಿಂಗಿನಲ್ಲಿದ್ದಳು. ಓಡುವ ಬೆಲ್ಟಿನ ಮುಂದೆ ನಿಂತು ಒಡೆದ ಮಾತ್ರೆ ಆರಿಸಿ ಎಸೆಯುವ ಕೆಲಸ. ಕೂರುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಕಾಲು ಬಾತುಕೊಂಡದ್ದನ್ನಾದರೂ ಅವಳು ಸಹಿಸಿಕೊಂಡಳು, ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ಸಹಿಸಲಿಕ್ಕಾಗಲಿಲ್ಲ. ಒಂದು ದಿನ ಇಲಿಮನೆಯಿಂದ ಇಲಿಯೊಂದು ತಪ್ಪಿಸಿಕೊಂಡು ಪ್ಯಾಕಿಂಗಿಗೆ ನುಗ್ಗಿತು. ಹೆಂಗಸರೆಲ್ಲ ಪೆಟ್ಟಿಗೆಗಳ ಮೇಲೆ ಹತ್ತಿದರು, ಸೂಪರ್‌ವೈಸರ್ ಅವರಿಗಿಂತ ಎತ್ತರದ ಪೆಟ್ಟಿಗೆ ಹುಡುಕಿ ಹತ್ತಿದ. ಮಲಕವ್ವ ಬಗ್ಗಿ, "ಬಾರವ್ವಾ ತಂಗಿ" ಅಂತ ಅಂಗೈಗೆ ತೆಗೆದುಕೊಂಡು, ಸೆರಗು ಮುಚ್ಚಿ, ನೆಟ್ಟಗೆ ಇಲಿಮನೆಗೆ ನಡೆದಳು. ಅಲ್ಲಿಯ ಮೇಲ್ವಿಚಾರಕ ಕೊಟ್ರೇಶ ಆ ಅಂಗೈ ನೋಡಿದ. ಇಲಿ ಕಚ್ಚಿರಲಿಲ್ಲ, ಉಚ್ಚೆಯನ್ನೂ ಹೊಯ್ದಿರಲಿಲ್ಲ, ಕಣ್ಣು ಮುಚ್ಚಿ ಕೂತಿತ್ತು. ಮುಂದಿನ ವಾರವೇ ಅವಳನ್ನು ಇಲಿಮನೆಗೆ ಕರೆಸಿಕೊಂಡ.

ನಾಲ್ಕು ವರ್ಷ ಸುಖವಾಗಿ ಕಳೆಯಿತು. ಇಲಿಗಳ ಹತ್ತಿರ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ತೊಂಬತ್ತಾರರ ಶ್ರಾವಣದಲ್ಲಿ ಬೊಂಬಾಯಿಯ ಹೆಡ್ಡಾಫೀಸಿನಿಂದ ಕಾಗದ ಬಂತು. ಜನವರಿಯಿಂದ ಇಲಿಮನೆಯಲ್ಲಿ ಡಿಪ್ಲೊಮಾ ಆದವರೇ ಇರಬೇಕು, ಉಳಿದವರು ಪ್ಯಾಕಿಂಗಿಗೆ. ಮಲಕವ್ವ ಓದಿದ್ದು ಎರಡನೇ ಇಯತ್ತೆ, ಅದೂ ಅರ್ಧ. ಆ ರಾತ್ರಿ ಅವಳು ರೊಟ್ಟಿ ಬಡಿಯಲಿಲ್ಲ. ಯಮನೂರ ಸಿಡುಕಿದ, ಅವಳು ತಿರುಗಿ ಬೈಯಲಿಲ್ಲ. ಅದನ್ನು ನೋಡಿ ಅವನಿಗೇ ಹೆದರಿಕೆಯಾಗಿ ತಾನೇ ಹೋಗಿ ಚಿತ್ರಾನ್ನ ಕಟ್ಟಿಸಿಕೊಂಡು ಬಂದ.

ಇಲಿಮನೆಯ ಪ್ರಯೋಗಗಳೆಲ್ಲ ನಿವೇದಿತಾ ಮೇಡಂ ಕೈಯಲ್ಲಿ. ದಾವಣಗೆರೆಯವರು, ಡಾಕ್ಟರೇಟ್ ಮಾಡಿದವರು, ಆದರೂ ಇಲಿ ಹಿಡಿಯುವಾಗ ಕಣ್ಣು ಮುಚ್ಚುತ್ತಿದ್ದವರು. ಅವರು ಬೊಂಬಾಯಿಗೆ ಮಾರುತ್ತರ ಬರೆದರು: ಈಕೆ ನಲವತ್ತು ಇಲಿಗಳನ್ನೂ ಮುಖ ನೋಡಿಯೇ ಗುರುತಿಸುತ್ತಾಳೆ, ಇಂಥವರು ಡಿಪ್ಲೊಮಾ ಶಾಲೆಯಲ್ಲಿ ಸಿಗುವುದಿಲ್ಲ. ಅಲ್ಲಿಯ ಸಾಹೇಬರಿಂದ ಉತ್ತರ ಬಂತು: ದಸರಾ ಮುಗಿದ ಮೇಲೆ ಬರುತ್ತೇನೆ, ಪ್ರಯೋಗದ ಫಲಿತಾಂಶವನ್ನೂ ಆಕೆಯನ್ನೂ ಒಟ್ಟಿಗೇ ನೋಡಿ ತೀರ್ಮಾನ ಮಾಡೋಣ. ಹೀಗೆ ಮಲಕವ್ವನ ಬಾಯಿಯ ಜಂಬ ಟೈಪಾಗಿ, ಸಹಿಯಾಗಿ, ಬೊಂಬಾಯಿಯ ಫೈಲು ಸೇರಿತು.

ಆ ಪ್ರಯೋಗ ಮೈಯ ಸಿಟ್ಟು ಇಳಿಸುವ ಔಷಧದ್ದು. ಮಲಕವ್ವನಿಗೆ ಮೇಡಂ ಹಾಗೆಯೇ ಬಿಡಿಸಿ ಹೇಳಿದ್ದರು. ಹೊರಗಿನದು ಏನಾದರೂ ಒಳಗೆ ಬಂದರೆ ಮೈಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಬೇಕು, ಇಲ್ಲದಿದ್ದರೆ ಕಂಡ ಕಂಡ ರೋಗವೆಲ್ಲ ಒಳಗೆ ಬಂದು ಕೂರುತ್ತವೆ. ಆದರೆ ಒಬ್ಬರ ಕಿಡ್ನಿ ತೆಗೆದು ಇನ್ನೊಬ್ಬರಿಗೆ ಹಾಕಿದಾಗಲೂ ಮೈ ಅದೇ ಸಿಟ್ಟು ತೋರಿಸಿ ಆ ಕಿಡ್ನಿಯನ್ನು ಕೆಡಿಸುತ್ತದೆ.

"ಹೊಸ ಸೊಸಿ ಮ್ಯಾಲ ಅತ್ತಿ ಹರಿಹಾಯ್ದಂಗ," ಅಂದಳು ಮಲಕವ್ವ.

"ಹಾಗೇ ಅನ್ನು. ಆ ಅತ್ತೆ ತಣ್ಣಗಿರ್ಲಿ ಅಂತ ದಿನಾ ಕೊಡೋ ಔಷಧ ಇದು."

"ನಮ್ಮ ಮನಿಯಾಂವಗೂ ಒಂದ್ ಬಾಟ್ಲಿ ಕೊಡ್ರಿ ಮೇಡಮ್ಮಾರ."

ಔಷಧ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ಇಲಿಯ ಕಿವಿಯಲ್ಲಿ. ಮೊದಲು ಹೊಟ್ಟೆಯ ಕೂದಲು ಬೋಳಿಸಿ, ಚರ್ಮ ಕೆರಳಿಸುವ ರಾಸಾಯನಿಕವೊಂದನ್ನು ಹಚ್ಚುತ್ತಾರೆ. ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಐದನೇ ದಿನ ಅದನ್ನೇ ಒಂದು ತೊಟ್ಟು ಕಿವಿಗೆ ಸವರಿದರೆ ಅಲರ್ಜಿಯಾಗಿ, ಮಾರನೇ ದಿನಕ್ಕೆ ಕಿವಿ ಕೆಂಪಗೆ ಊದುತ್ತದೆ. ಔಷಧ ಕುಡಿದ ಇಲಿಯ ಕಿವಿ ಅಷ್ಟು ಊದಬಾರದು. ಊತವನ್ನು ಡಯಲ್ ಗೇಜಿನಲ್ಲಿ ಅಳೆಯಬೇಕು, ಪಕ್ಕದ ಶೆಡ್ಡಿನವರು ಕಬ್ಬಿಣದ ತಗಡು ಅಳೆಯುವುದೂ ಅಂಥದ್ದರಲ್ಲೇ. ಕೂದಲೆಳೆಯಷ್ಟು ಅಲುಗಿದರೂ ಅಳತೆ ಕೆಟ್ಟಿತು. ಮೇಡಂ ಹಿಡಿದರೆ ಇಲಿ ಒದ್ದಾಡುತ್ತಿತ್ತು, ಮಲಕವ್ವ ಹಿಡಿದರೆ ಸುಮ್ಮನೆ ಕಿವಿ ಕೊಡುತ್ತಿತ್ತು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು ನಿಮ್ಮ ಬಾಳೇವು" ಅಂತ ಗೊಣಗುತ್ತಲೇ ಹಿಡಿಯುತ್ತಿದ್ದಳು. ಪ್ರಯೋಗ ಮುಗಿದ ದಿನ ಇಲಿಗಳನ್ನು ಕೊಲ್ಲುವುದು ಪದ್ಧತಿ. ಆ ದಿನ ಮಾತ್ರ ಅವಳು ಅರ್ಧ ದಿನ ರಜೆ ಹಾಕುತ್ತಿದ್ದಳು.

ಪಂಜರಗಳು ಎಂಟು, ಒಂದೊಂದರಲ್ಲಿ ಐದು ಇಲಿ, ಐದಕ್ಕೂ ಬೇರೆ ಬೇರೆ ಪಾಲು. ಯಾವುದಕ್ಕೆ ಯಾವ ಪಾಲು ಅಂತ ತಿಳಿಯಲು ಪಿಕ್ರಿಕ್ ಅನ್ನುವ ಹಳದಿ ಬಣ್ಣದ ಗುರುತು. ತಲೆ ಹಳದಿ ಇದ್ದದ್ದಕ್ಕೆ ಬರೀ ಎಣ್ಣೆ, ಔಷಧವೇ ಇಲ್ಲ. ಬೆನ್ನು, ತೊಡೆ, ಬಾಲದ ಬುಡ ಹಳದಿ ಇದ್ದವಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದ ಔಷಧ. ಗುರುತೇ ಇಲ್ಲದ ಪೂರಾ ಬಿಳಿ ಇಲಿಗೆ ಎಲ್ಲಕ್ಕಿಂತ ದೊಡ್ಡ ಪಾಲು. ಮಲಕವ್ವ ಈ ಹಳದಿಯನ್ನು ಒಂದು ದಿನವೂ ಗಮನಿಸಿ ನೋಡಿದವಳಲ್ಲ. ದಿನಾ ಹಿಡಿದುಕೊಡುವವಳಿಗೆ ಯಾರದು ಯಾವ ಪಾಲು ಅಂತ ಮುಖದಿಂದಲೇ ಗೊತ್ತು. ಮುಖ ಗೊತ್ತಿಲ್ಲದವರಿಗೆ ತಾನೇ ಗುರುತು?

ಹೊಟ್ಟೆಗೆ ಹಚ್ಚಿದ ಮೂರನೇ ದಿನ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆಯುಧಪೂಜೆ ಅಂದರೆ ಕೇಳಬೇಕೇ! ಲೇತಿಗೆ ಬಾಳೆಕಂದು, ಲಾರಿಗೆ ಚೆಂಡುಹೂವು, ಗ್ರೈಂಡಿಂಗ್ ಚಕ್ರಕ್ಕೆ ಕುಂಕುಮ, ರಸ್ತೆ ತುಂಬ ಒಡೆದ ಬೂದುಗುಂಬಳ. ಕೊಟ್ರೇಶ ಇಲಿಮನೆಯ ತಕ್ಕಡಿಗೆ, ಡಯಲ್ ಗೇಜಿಗೆ, ಪಂಜರ ತೊಳೆಯುವ ತೊಟ್ಟಿಗೆ ಎಲ್ಲ ಬೊಟ್ಟಿಟ್ಟ. ಕಡಲೆಪುರಿ ಹಂಚಿದ ಮೇಲೆ ಮೇಡಂ ಮನೆಗೆ ಹೋದರು, ಕೊಟ್ರೇಶ ತನ್ನ ಲೂನಾಗೆ ನಿಂಬೆಹಣ್ಣು ಇಡಲು ಹೊರಗೆ ಹೋದ. ಒಳಗೆ ಮಲಕವ್ವ ಒಬ್ಬಳೇ ನಿಂತು ಯೋಚಿಸಿದಳು. ಅಲ್ಲಾ, ಕಸ ಬಳಿಯುವ ಮೊರಕ್ಕೂ ಪೂಜೆಯಾಯಿತು. ನನಗೆ ಅನ್ನ ಕೊಡುವ ಆಯುಧ ಯಾವುದು? ತಕ್ಕಡಿಯೇ? ತೊಟ್ಟಿಯೇ? ಈ ನಲವತ್ತು ಜೀವಗಳಲ್ಲವೇ?

ಕುಂಕುಮ ಬೇಡವೆನಿಸಿತು, ಬಿಳಿ ಮೈಮೇಲೆ ಗಾಯದ ಹಾಗೆ ಕಾಣುತ್ತದೆ. ಅರಿಶಿನ ಚರ್ಮಕ್ಕೂ ಒಳ್ಳೆಯದು. ಒಂದೊಂದನ್ನೇ ಎತ್ತಿ, ಹೆಸರು ಹಿಡಿದು ಕರೆದು, ನಲವತ್ತು ಹಣೆಗೂ ಕಲಸಿದ ಅರಿಶಿನದ ಬೊಟ್ಟಿಟ್ಟಳು. ಬೊಂಬಾಯಿ ಸಾಹೇಬರು ಬರುವ ತನಕ ನನ್ನ ಮರ್ಯಾದೆ ಕಾಪಾಡ್ರವ್ವಾ ಅಂತ ಬೇಡಿಕೊಂಡಳು. ಮನಸ್ಸು ತುಂಬಿ ಬಂತು. ಆ ಸಂಜೆ ಮನೆಯಲ್ಲಿ ಹೋಳಿಗೆ ಮಾಡಿದಳು.

ಮಾರನೇ ದಿನ ವಿಜಯದಶಮಿ, ಊರಿಗೆಲ್ಲ ರಜೆ. ಇಲಿಗಳಿಗೆ ಔಷಧ ತಪ್ಪಿಸುವಂತಿಲ್ಲವಾದ್ದರಿಂದ ಮೂವರೂ ಬಂದರು. ಮೇಡಂ ಮೊದಲ ಪಂಜರದ ಮುಚ್ಚಳ ತೆಗೆದು ಹಾಗೇ ನಿಂತುಬಿಟ್ಟರು. ಎರಡನೆಯದು ತೆಗೆದರು. ಮೂರನೆಯದು ತೆಗೆದರು. ಎಲ್ಲ ತಲೆಗಳೂ ಹಳದಿ.

"ಯಾರಿದು ಮಾಡಿದ್ದು?"

"ನಾನರಿ," ಅಂದಳು ಮಲಕವ್ವ ಖುಷಿಯಿಂದ. "ಒಂದನ್ನೂ ಬಿಟ್ಟಿಲ್ಲ."

ಮೇಡಂ ಸ್ಟೂಲಿನ ಮೇಲೆ ಕುಸಿದರು. ಬೆನ್ನು, ತೊಡೆ, ಬಾಲದ ಗುರುತಿನವು ಹೇಗೋ ಗೊತ್ತಾಗುತ್ತವೆ. ಆದರೆ ಬರೀ ಎಣ್ಣೆ ಕುಡಿಯುವ ಹಳದಿ ತಲೆಯದು ಯಾವುದು, ದೊಡ್ಡ ಪಾಲಿನ ಬಿಳಿ ತಲೆಯದು ಯಾವುದು? ಪಂಜರಕ್ಕೆ ಎರಡರಂತೆ ಹದಿನಾರು ಇಲಿ ಕಲಸಿಹೋಗಿದ್ದವು. ತಿಂಗಳುಗಟ್ಟಲೆಯ ಸಿದ್ಧತೆ, ಸಾಹೇಬರು ಬರುವುದು ಮುಂದಿನ ವಾರ.

"ಅಯ್ಯ, ಅದಕ್ಯಾಕ ಗಾಬರಿ? ನನಗ ಗೊತ್ತೈತಲ್ರಿ!"

"ಮಲಕವ್ವಾ, ರಿಪೋರ್ಟಲ್ಲಿ ಏನಂತ ಬರೀಲಿ? ಮಲಕವ್ವನಿಗೆ ಗೊತ್ತು ಅಂತ ಬರೀಲಾ?"

ಆಗ ಅವಳ ಕಣ್ಣ ಮುಂದೆ ಪ್ಯಾಕಿಂಗಿನ ಬೆಲ್ಟು ಓಡಿತು. ಕೈ ನೋಡಿಕೊಂಡಳು. ಬೆರಳ ತುದಿಯ ಅರಿಶಿನ ಬೆಳಿಗ್ಗೆ ಬಾಗಿಲಲ್ಲಿ ಸಾಬೂನು ಹಚ್ಚಿ ತೊಳೆಯುವಾಗ ಕೆಂಪಗಾಗಿತ್ತು.

"ಮೇಡಮ್ಮಾರ, ಅರಿಶಿಣಕ್ಕ ಸುಣ್ಣ ಬಿದ್ರ ಏನಾಗ್ತೈತಿ? ಆರತಿ ನೀರು ಹೆಂಗ ಮಾಡ್ತಾರ ನಿಮ್ಮ ಮನ್ಯಾಗ?"

"ಕೆಂಪಾಗುತ್ತೆ..." ಅಂದ ಮೇಡಂ ಎದ್ದು ನಿಂತರು. ಸುಣ್ಣಕ್ಕೂ ಕೆಂಪು, ಸಾಬೂನಿಗೂ ಕೆಂಪು. ಪಿಕ್ರಿಕ್ ಮಾತ್ರ ಯಾವುದಕ್ಕೂ ಜಗ್ಗದೆ ಹಳದಿಯೇ ಉಳಿಯುತ್ತದೆ, ಒಂದೆರಡು ಸಲ ತೊಳೆದರೆ ಹೋಗುವುದಿಲ್ಲ. ಡಾಕ್ಟರೇಟು ಮಾಡಿದವರಿಗೆ ಇದು ಹೊಳೆಯಬೇಕಿತ್ತು. ಗಾಬರಿಯಲ್ಲಿ ಯಾರಿಗೆ ಏನು ಹೊಳೆಯುತ್ತೆ ಬಿಡಿ.

"ಒಂದು ಕೆಲಸ ಮಾಡೋಣ," ಅಂದರು. "ಮೊದಲು ನೀನು ಹೇಳು, ಕೊಟ್ರೇಶ ಬರ್ಕೊಳ್ಳಲಿ. ಆಮೇಲೆ ಸಾಬೂನು."

ಮಲಕವ್ವ ಮೊದಲ ಪಂಜರಕ್ಕೆ ಕೈ ಹಾಕಿದಳು. "ಈಕಿ ರುಕ್ಮವ್ವ, ಬರೇ ಎಣ್ಣಿ. ಅಕಿ ಸೂಲಗಿತ್ತಿ, ದೊಡ್ಡ ಪಾಲು." ಕೊಟ್ರೇಶ ಬರೆದುಕೊಂಡ. ಮೇಡಂ ಹತ್ತಿಯನ್ನು ಸಾಬೂನು ನೀರಿನಲ್ಲಿ ಅದ್ದಿ ರುಕ್ಮವ್ವನ ತಲೆಗೆ ಒತ್ತಿದರು. ಬೊಟ್ಟು ಕೆಂಪಗಾಯಿತು. ಒರೆಸಿದರು, ಇನ್ನೊಮ್ಮೆ ಒರೆಸಿದರು. ಕೆಂಪು ಹೋಗಿ ಕೆಳಗೆ ಹಳೆಯ ಹಳದಿ ಹಾಗೇ ಇತ್ತು. ಸೂಲಗಿತ್ತಿಯ ತಲೆ ಒರೆಸಿದರು, ಬೆಳ್ಳಗೆ ಬಂತು. ಸರಿ! ಎರಡನೇ ಪಂಜರ ಸರಿ. ಮೂರು ಸರಿ. ಕೊಟ್ರೇಶ ಶಿಳ್ಳೆ ಹೊಡೆದ. ನಾಲ್ಕಕ್ಕೆ ಬರುವಷ್ಟರಲ್ಲಿ ಮಲಕವ್ವನಿಗೆ ಜಂಬ ವಾಪಸ್ಸು ಬಂದು, ಸೊಂಟದ ಮೇಲೆ ಕೈ ಇಟ್ಟು ಹೇಳತೊಡಗಿದಳು. ಏಳಕ್ಕೆ ಏಳೂ ಸರಿ.

ಎಂಟನೇ ಪಂಜರದ ಹತ್ತಿರ ಅವಳ ಕೈ ಸೊಂಟದಿಂದ ಇಳಿಯಿತು.

"ಇದಕ್ಕ ಮೊದ್ಲ ಸಾಬೂನು ಹಚ್ಚ್ರಿ," ಅಂದಳು.

"ಯಾಕೆ?"

"ಹಚ್ಚ್ರಿ ಅಂತೀನಿ."

ಮೇಡಂ ಒಂದು ನೀಲಾಂಬಿಕಾಳ ತಲೆ ಒರೆಸಿದರು, ಬೆಳ್ಳಗೆ ಬಂತು. ಇನ್ನೊಂದು ನೀಲಾಂಬಿಕಾಳ ತಲೆ ಒರೆಸಿದರು, ಅದೂ ಬೆಳ್ಳಗೆ! ಒಂದರ ತಲೆಯ ಪಿಕ್ರಿಕ್ಕನ್ನು ಪಕ್ಕದವಳು ದಿನವೂ ನೆಕ್ಕಿ ನೆಕ್ಕಿ ಮಾಸಿಸಿದ್ದಳು, ನಿನ್ನೆ ಔಷಧ ಕುಡಿಸುವಾಗ ಇದ್ದ ಚೂರೂ ರಾತ್ರಿ ಅರಿಶಿನದ ಜೊತೆ ಹೋಗಿತ್ತು. ಇನ್ನು ಗುರುತು ಹೇಳಬೇಕಾದವಳು ಮಲಕವ್ವ ಒಬ್ಬಳೇ. ಮೇಡಂ, ಕೊಟ್ರೇಶ ಇಬ್ಬರೂ ಅವಳ ಕಡೆ ತಿರುಗಿದರು.

ಎರಡನ್ನೂ ಎರಡು ಅಂಗೈಯಲ್ಲಿ ಕೂರಿಸಿಕೊಂಡಳು. ಇದರ ಮುಖ ನೋಡಿದಳು, ಅದರ ಮುಖ ನೋಡಿದಳು. ಬಾಲ ನೋಡಿದಳು, ಬೆರಳು ನೋಡಿದಳು. ಹಾಳಾದ್ದು, ಬಂದ ದಿನದಿಂದಲೂ ಇವೆರಡು ಅವಳಿಗೆ ದಕ್ಕಿರಲಿಲ್ಲ. ಒಟ್ಟಿಗೆ ತಿನ್ನುತ್ತಿದ್ದವು, ಒಟ್ಟಿಗೆ ಮಲಗುತ್ತಿದ್ದವು. ಅದಕ್ಕೇ ತಾನೇ ಎರಡಕ್ಕೂ ಒಂದೇ ಹೆಸರಿಟ್ಟದ್ದು, ಯಾವುದನ್ನು ಕರೆದರೂ ತಪ್ಪಾಗದಿರಲಿ ಅಂತ!

"ಯಾವ್ದಾರ ಒಂದನ್ನ ತೋರಿಸಕ್ಕಾ," ಕೊಟ್ರೇಶ ಕಿವಿಯಲ್ಲಿ ಉಸುರಿದ. "ಏಳಕ್ಕ ಏಳೂ ಸರಿ ಹೇಳಿದೀಯ, ಇದನ್ನ ಯಾರು ಪರೀಕ್ಷೆ ಮಾಡ್ತಾರೆ? ನಲವತ್ತು ಅಂತ ಬೊಂಬಾಯಿಗೆ ಬರ್ದಾಗೈತೆ."

ನಿಜ. ಬಲಗೈಯದು ಅಂದರೂ ನಂಬುತ್ತಿದ್ದರು, ಎಡಗೈಯದು ಅಂದರೂ ನಂಬುತ್ತಿದ್ದರು. ಹಾಗೆ ಅಂದರೆ ಇಲಿಮನೆ ಅವಳದು, ಅನ್ನದಿದ್ದರೆ ಬೆಲ್ಟು. ಮಲಕವ್ವ ಜೀವಮಾನದಲ್ಲಿ ಮಾತಿಗೆ ಇಷ್ಟು ತಡಮಾಡಿದ್ದೇ ಇಲ್ಲ.

"ಗೊತ್ತಿಲ್ರಿ ಮೇಡಮ್ಮಾರ," ಅಂದಳು ಕೊನೆಗೆ. "ಇವು ಎರಡು ನನಗ ಗುರ್ತ ಇಲ್ಲ. ಮೊದಲಿಂದೂ ಇರ್ಲಿಲ್ಲ." ಕಣ್ಣಲ್ಲಿ ನೀರು ಬಂತು. ನಾಚಿಕೆಯ ನೀರು, ಬೇರೆ ಯಾವುದೂ ಅಲ್ಲ.

ಮೇಡಂ ಎರಡು ನೀಲಾಂಬಿಕಾಗಳನ್ನು ಬೇರೆ ಪಂಜರಕ್ಕೆ ಹಾಕಿ, ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದರು, ಅರಿಶಿನದ ಸಮೇತ. ಅರಿಶಿನ ಬಿದ್ದದ್ದು ಹಣೆಗೆ, ಕಿವಿಗಲ್ಲ. ನೆಕ್ಕಿದ್ದರೂ ನಲವತ್ತೂ ಸಮವಾಗಿ ನೆಕ್ಕಿವೆ. ಉಳಿದ ಮೂವತ್ತೆಂಟಕ್ಕೆ ಅವರವರ ಪಾಲು ಕುಡಿಸಿದರು.

ಐದನೇ ದಿನ ಕಿವಿಗೆ ಹಚ್ಚಿದರು, ಆರನೇ ದಿನ ಅಳೆದರು. ಬರೀ ಎಣ್ಣೆ ಕುಡಿದ ರುಕ್ಮವ್ವನ ಕಿವಿ ಕೆಂಡದಂತೆ ಊದಿತ್ತು. ದೊಡ್ಡ ಪಾಲು ಕುಡಿದ ಸೂಲಗಿತ್ತಿಯ ಕಿವಿ ತೆಳ್ಳಗೆ, ಏನೂ ಆಗದ ಹಾಗೆ. ಅತ್ತೆ ತಣ್ಣಗಾಗಿದ್ದಳು. ಮಲಕವ್ವ ಮೂವತ್ತೆಂಟನ್ನೂ ಹಿಡಿದುಕೊಟ್ಟಳು, ಒಂದೂ ಅಲುಗಲಿಲ್ಲ. ಮುಗಿದ ಮೇಲೆ ಒಂದೊಂದರ ಹೆಸರು ಹಿಡಿದು ಬೆನ್ನು ಸವರಿ, ರಜೆಚೀಟಿ ಕೊಟ್ಟು ಹೋದಳು.

ಮರುದಿನ ಪಂಜರಗಳು ಖಾಲಿಯಾಗಿ ತೊಳೆದಿಟ್ಟಿದ್ದವು. ಮೂಲೆಯಲ್ಲಿ ಒಂದರಲ್ಲಿ ಮಾತ್ರ ಸರಸರ ಸದ್ದು. ಎರಡು ನೀಲಾಂಬಿಕಾಗಳು ಒಂದೇ ಬಟ್ಟಲಿಗೆ ಮೂತಿ ಹಾಕಿ ತಿನ್ನುತ್ತಿದ್ದವು.

"ಅವನ್ನ ಪ್ರಯೋಗದಿಂದ ತೆಗೆದಿದ್ವಲ್ಲ," ಅಂದರು ಮೇಡಂ, ಅವಳ ಮುಖ ನೋಡದೆ. "ಹೊಸಬರಿಗೆ ಹಿಡಿಯೋದು ಕಲಿಸಕ್ಕೆ ಇರಲಿ ಅಂತ ಇಟ್ಕೊಂಡೆ."

ಮಲಕವ್ವ ಪಂಜರದ ಮುಂದೆ ನೆಲಕ್ಕೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳಿಗೆ ಗೊತ್ತಿದ್ದವರೆಲ್ಲ ಹೋಗಿದ್ದರು.

ಸಾಹೇಬರು ಬಂದರು. ಬೆಳಗಾವಿ ಕಡೆಯವರು, ಕನ್ನಡ ಅರ್ಧ ಮರೆತವರು. ಫಲಿತಾಂಶ ಓದಿ ತಲೆದೂಗಿದರು, ಅರಿಶಿನದ ಪುಟ ಓದಿ ಕನ್ನಡಕ ತೆಗೆದರು. ಮಲಕವ್ವನನ್ನು ಕರೆಸಿದರು.

"ನಲವತ್ತು ಅಂತ ಬರದಿದ್ರು. ಇಲ್ಲಿ ಮೂವತ್ತೆಂಟು ಐತಿ?"

"ಅದು ನನ್ನ ಬಾಯಿ ಚಪಲರಿ ಸಾಹೇಬ್ರ. ಗೊತ್ತಿದ್ದದ್ದು ಮೂವತ್ತೆಂಟ."

"ಆ ಎರಡರಾಗ ಯಾವುದರ ಒಂದು ತೋರಿಸಿದ್ರ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಗೊತ್ತಾಗ್ತಿರಲಿಲ್ರಿ. ಆದ್ರ ನಾಳೆ ಆ ಔಷಧ ಕುಡಿಯಾಂವ ಇಲಿ ಅಲ್ಲಲ್ರಿ? ಯಾರದೋ ಕಿಡ್ನಿ ಹಾಕ್ಕೊಂಡು, ಜೀವ ಕೈಯಾಗ ಹಿಡ್ಕೊಂಡು ಕುಂತಿರ್ತಾನ, ಪಾಪ. ಅವನ ಮುಂದ ನಾ ಸುಳ್ಳು ಹೇಳ್ಲೇನು?"

ಸಾಹೇಬರು ಕನ್ನಡಕ ಹಾಕಿಕೊಂಡು ಅರಿಶಿನದ ಪುಟಕ್ಕೆ ಸಹಿ ಮಾಡಿದರು. ಜನವರಿಯಲ್ಲಿ ಡಿಪ್ಲೊಮಾ ಮುಗಿಸಿದ ಇಬ್ಬರು ಇಲಿಮನೆಗೆ ಬಂದರು, ಆರು ತಿಂಗಳು ಮಲಕವ್ವನ ಕೈಕೆಳಗೆ ಕೆಲಸ ಕಲಿಯಬೇಕು ಅಂತ ಆರ್ಡರು ಹಿಡಿದುಕೊಂಡು. ಅದೇ ಆರ್ಡರಿನ ಕೊನೆಯಲ್ಲಿ ಇಲಿಮನೆಯೊಳಗೆ ಅರಿಶಿನ ತರಕೂಡದು ಅಂತಲೂ ಇತ್ತು. ಮುಂದಿನ ಆಯುಧಪೂಜೆಗೆ ಮಲಕವ್ವ ಬಾಗಿಲ ಹೊರಗೆ ನಿಂತು ಆ ಇಬ್ಬರ ಹಣೆಗೇ ಬೊಟ್ಟಿಟ್ಟಳು.

ನೀಲಾಂಬಿಕಾಗಳು ಇನ್ನೂ ಒಂದು ವರ್ಷದ ಮೇಲೆ ಬದುಕಿದವು. ಮಲಕವ್ವ ದಿನಾ ಬೆಳಿಗ್ಗೆ ಬಂದ ತಕ್ಷಣ ಎರಡನ್ನೂ ಅಂಗೈಯಲ್ಲಿ ಕೂರಿಸಿಕೊಂಡು ವ್ಯತ್ಯಾಸ ಹುಡುಕುತ್ತಿದ್ದಳು. ಒಂದು ಬೆಳಿಗ್ಗೆ ಒಂದು ಸತ್ತು ಮಲಗಿತ್ತು, ಇನ್ನೊಂದು ಅದಕ್ಕೆ ಒತ್ತಿಕೊಂಡು ಕೂತಿತ್ತು.

"ಯಾವ ನೀಲಾಂಬಿಕಾ ಹೋಗಿದ್ದು ಅಕ್ಕಾ?" ಅಂತ ಕೊಟ್ರೇಶ ಮೆಲ್ಲಗೆ ಕೇಳಿದ.

"ಗೊತ್ತಿಲ್ಲೋ ತಮ್ಮಾ," ಅಂದು ಮಲಕವ್ವ ಕಣ್ಣೊರೆಸಿಕೊಂಡಳು.